ನಕ್ಕ ತಪ್ಪಿಗೊಂದು ಮೇಲ್ಮನವಿ

"ಒಂದು ಸಲ ಇಲ್ಲ ಅಂದಮೇಲೆ ಮುಗೀತು. ಮತ್ತೆ ಯಾಕೆ ಬಂದ್ರಿ?"

ಮೇಜಿನ ಆಚೆ ಕುಳಿತ ಹಿರಿಯಾಕೆ ಕನ್ನಡಕದ ಮೇಲಿಂದ ನೋಡಿದರು. ಈಚೆ ಕುಳಿತವಳು ಕುರ್ಚಿಯಂಚಿಗೆ ಸರಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಚಪ್ಪಲಿಯ ಜೊತೆ ಬಾಗಿಲ ಹೊರಗೇ ಉಳಿದುಬಿಟ್ಟಿದ್ದವು.

"ಮೇಲ್ಮನವಿ ಅಂತಲೇ ಅಂದ್ಕೊಳ್ಳಿ," ಎಂದಳು. "ಇನ್ನೊಂದು ಸಲ ಯೋಚನೆ ಮಾಡಿ. ಇಂಥ ಮಗು ಹುಡುಕಿದ್ರೂ ಸಿಗಲ್ಲ."

"ನಿಮಗಿಂತ ಮೊದಲು ಬಂದ ಇಬ್ಬರೂ ಇದನ್ನೇ ಹೇಳಿದ್ರು."

ಪೈಪೋಟಿ ಇಷ್ಟಿದೆಯೆಂದು ಅವಳು ಎಣಿಸಿರಲಿಲ್ಲ.

ನಡೆದದ್ದಿಷ್ಟು. ಊರಿಗೇ ಹೆಸರಾದ ಶಾಲೆ, ಮಕ್ಕಳನ್ನು ಸೋಸಿ ಸೋಸಿ ತೆಗೆದುಕೊಳ್ಳುವ ಶಾಲೆ. ಪ್ರವೇಶ ಪರೀಕ್ಷೆಯ ದಿನ ಎಲ್ಲರೂ ಉಸಿರು ಬಿಗಿಹಿಡಿದು ಬರೆಯುತ್ತಿರುವಾಗ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಒಂದು ನಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ಯಾವಾಗ ತುಂಬೀತು ಎಂಬ ಲೆಕ್ಕ. "ಖಾಲಿ ಮಾಡೋ ನಲ್ಲೀನ ನಿಲ್ಲಿಸಬಾರದಾ? ಯಾರ ಮನೇಲಿ ಹೀಗೆ ಮಾಡ್ತಾರೆ?" ಎಂದು ಗಟ್ಟಿಯಾಗಿ ಕೇಳಿಯೂ ಬಿಟ್ಟಳು. ಶಿಸ್ತೆಂದರೆ ಶಿಸ್ತು. ಹೊರಗೆ ನಿಲ್ಲಿಸಿದ್ದಾಯಿತು. ನಿಂತಲ್ಲಿಂದಲೇ ಬಾಯಿಲೆಕ್ಕ ಹಾಕಿ ಉತ್ತರ ಕೂಗಿದಳು. ಉತ್ತರ ಸರಿಯಾಗಿತ್ತು. ಆದರೇನು, ವಾರದೊಳಗೆ 'ಇಲ್ಲ' ಎಂಬ ಒಂದೇ ಮಾತು ಬಂತು.

ಅಂದಿನಿಂದ ಮೇಜಿನ ಈಚೆ ಕುಳಿತವಳಿಗೆ ಊಟ ರುಚಿಸಿಲ್ಲ. ಇಂಥ ಮಗು ಆ ಶಾಲೆಯಲ್ಲಿ ಓದದೇ ಹೋದರೆ ತಾನು ಜೀವಮಾನವಿಡೀ ಕೊರಗುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮಾನ ಮರ್ಯಾದೆ ಬದಿಗಿಟ್ಟು ಬಂದಿದ್ದಳು.

"ಇವರು?" ಅವಳ ಪಕ್ಕದಲ್ಲಿ ಮುದುಡಿ ಕುಳಿತಿದ್ದ ಗಂಡಸಿನತ್ತ ಹಿರಿಯಾಕೆ ಕಣ್ಣು ಹಾಯಿಸಿದರು.

"ಲೆಕ್ಕ ಎಲ್ಲಾ ಇವರಿಂದಲೇ ಬಂದಿದ್ದು."

ಅವನ ಕಿವಿ ಕೆಂಪಾಯಿತು.

"ಶಿಸ್ತಿನ ಬಗ್ಗೆ ಏನು ಹೇಳ್ತೀರಿ?"

"ಅವತ್ತು ನಮ್ಮಿಂದ ತಪ್ಪಾಯ್ತು. ಅದನ್ನ ಒಪ್ಕೊಳ್ಳೋಕೇ ಬಂದಿದ್ದೀನಿ. ಆಮೇಲೆ ಮನೇಲಿ ಕೂತು ಆ ಲೆಕ್ಕ ಓದಿದೆ. ನನಗೂ ನಗು ತಡೆಯೋಕಾಗಲಿಲ್ಲ."

"ಸ್ವಲ್ಪ ತಡವಾಯ್ತು."

"ತಡವಾಯ್ತು, ಇಲ್ಲ ಅನ್ನಲ್ಲ. ಬೇಕಾದ್ರೆ ಕಾಲು ಹಿಡೀತೀನಿ."

"ಬೇಡಮ್ಮ, ಮೊದಲೇ ಮಂಡಿನೋವು." ಹಿರಿಯಾಕೆಯ ತುಟಿಯಂಚು ಸಣ್ಣಗೆ ಅಲುಗಿತು.

ಅಷ್ಟು ಸಡಿಲ ಸಿಕ್ಕಿದ್ದೇ ಗಂಡಸು ಬಾಯಿಬಿಟ್ಟ. "ಇನ್ಮೇಲೆ ಹಾಗಾಗದ ಹಾಗೆ ನಾನು ನೋಡ್ಕೋತೀನಿ. ತೊಟ್ಟಿಯ ಸುದ್ದಿಗೇ ಹೋಗಲ್ಲ."

ಹಿರಿಯಾಕೆ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಕಾಯುವವರಿಗೆ ಕ್ಷಣವೂ ಯುಗ. ಅವಳು ಮನಸ್ಸಿನಲ್ಲೇ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದಳು.

"ನನಗೇನೋ ನಿಮ್ಮ ಮಾತು ಹಿಡಿಸ್ತು. ಆದ್ರೆ ನಾನೊಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲ," ಎಂದು ಹಿರಿಯಾಕೆ ಒಳಬಾಗಿಲಿನತ್ತ ತಿರುಗಿದರು. "ಕೇಳಿಸ್ಕೊಂಡಿದ್ದು ಸಾಕು, ಬಾ ಈಚೆ."

ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಹುಡುಗಿ ಓಡಿಬಂದಳು. ಕಾದಿದ್ದ ಇಬ್ಬರೂ ಧಡಕ್ಕನೆ ಎದ್ದು ನಿಂತರು. ಹುಡುಗಿ ಅವರನ್ನು ದಾಟಿ ನೇರವಾಗಿ ಹೋಗಿ ಹಿರಿಯಾಕೆಯ ಕೊರಳಿಗೆ ಜೋತುಬಿದ್ದಳು.

"ಸಾಕು ಬಿಡಜ್ಜಿ, ಪಾಪ! ನಾವು ಸೀಟು ಬೇಡ ಅಂದ್ರೂ ಹೆಡ್‌ಮಿಸ್ಸೇ ಲೆಕ್ಕದ ಮೇಷ್ಟ್ರನ್ನ ಕರ್ಕೊಂಡು ಮನೆಗೆ ಬಂದು ಇಷ್ಟು ಕೇಳ್ಕೋತಿದ್ದಾರೆ, ಇವರ ಶಾಲೆಗೇ ಸೇರ್ತೀನಿ."