ಸಿಂಪ್ಲಿ ಬಂದೆ

“ಕಾಲೇಜಲ್ಲಿ ನಿಮ್ಮ ಮಗಳ ಜೊತೆ ಕೆಲಸ ಮಾಡ್ತೀನಿ, ಶ್ರೀಧರ್ ಅಂತ,” ಎಂದು ಪರಿಚಯ ಹೇಳಿಕೊಂಡೆ. ಅಷ್ಟು ಚೆನ್ನಾಗಿಯೇ ಆಯಿತು. “ಏಮಿ ಸಾರ್, ಇಷ್ಟು ದೂರ?” ಎಂದು ಗಂಗುಲಪ್ಪನವರು ಕೇಳಿದಾಗ ಮಾತ್ರ ನನ್ನ ಬಾಯಿಂದ “ಸಿಂಪ್ಲಿ ಬಂದೆ” ಎಂದು ಬಂದುಬಿಟ್ಟಿತು.

ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಮುದುರದಿರಲೆಂದು, ಸೀಟಿದ್ದರೂ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಉರು ಹೊಡೆದಿದ್ದೆ: ‘ನಿಮ್ಮ ಮಗಳು ಮೇಘನ ಅವರನ್ನು ನಾನು ಮದುವೆಯಾಗಬೇಕೆಂದಿದ್ದೇನೆ.’ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿತ್ತು. ಅಂಗಳದಲ್ಲಿ ರಾಶಿ ಹಾಕಿದ್ದ ಮಾವಿನಕಾಯಿಗಳ ನಡುವಿನಿಂದ ಅವರು ತಲೆಯೆತ್ತಿ ನೋಡಿದ್ದೇ ತಡ, ವಾಕ್ಯ ಪೂರ್ತಿ ಮಾಯವಾಗಿ ಒಂದು ಕ್ರಿಯಾವಿಶೇಷಣ ಮಾತ್ರ ಉಳಿಯಿತು. ಅದೂ ತಪ್ಪು ಬಳಕೆ. ‘ಸುಮ್ನೆ’ ಅನ್ನುವ ಕಡೆ ‘ಸಿಂಪ್ಲಿ’ ಅಂದವರು ಹುಡುಗರಿರಲಿ, ಪ್ರಿನ್ಸಿಪಾಲರಿರಲಿ, ಇಂಗ್ಲಿಷ್ ಲೆಕ್ಚರರ್ ಆದ ನಾನು ಇವತ್ತಿನವರೆಗೆ ಒಬ್ಬರನ್ನೂ ತಿದ್ದದೆ ಬಿಟ್ಟವನಲ್ಲ.

“ಈ ಸೀಸನ್ನಲ್ಲಿ ಸಿಂಪ್ಲಿ ಬರೋರು ಜಾಸ್ತಿ ಸಾರ್,” ಎಂದರು ಗಂಗುಲಪ್ಪ, ಕೊಂಚವೂ ಬೇಸರವಿಲ್ಲದೆ. “ಹೋಗೋವಾಗ ಒಂದೊಂದು ಚೀಲ ತಗೊಂಡು ಹೋಗ್ತಾರೆ. ನಿಮಗೂ ಕೊಡೋಣ. ಕೂಚೋಂಡಿ, ಕೂತ್ಕೊಳ್ಳಿ. ಇದರಲ್ಲಿ ಪೆಟ್ಟಾಗಿರೋ ಕಾಯಿನೆಲ್ಲ ಆ ಕಡೆ ಹಾಕ್ತಾ ಇರಿ, ಮಾತಾಡೋಣ.”

ಗೋಣಿಚೀಲದ ಮೇಲೆ ಕೂತು ಬಾದಾಮಿ ಮಾವಿನಕಾಯಿ ಆರಿಸತೊಡಗಿದೆ. ಸೊನೆ ಅಂಗಿಗೆ ತಾಗುತ್ತಿತ್ತು. ಹೆಣ್ಣು ಕೇಳಲು ಬಂದವನು ಹಣ್ಣು ಕೇಳಲು ಬಂದವನಾಗಿದ್ದೆ. ಅಷ್ಟರಲ್ಲಿ ಮೇಘನ ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ನಮ್ಮ ಕಾಲೇಜಿನಲ್ಲಿ ಅವಳು ಸಸ್ಯಶಾಸ್ತ್ರ ಹೇಳುತ್ತಾಳೆ. ನಾನು ಬರುವ ವಿಷಯ ಅವಳಿಗೂ ಹೇಳಿರಲಿಲ್ಲ. ಆದರೆ ಬಾಗಿಲ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಸಾರ್, ‘ಸಿಂಪ್ಲಿ ಬಂದೆ’ ಅಂದ್ರೆ ತಪ್ಪಲ್ವಾ?”

“ತಪ್ಪು.”

“ಮತ್ತೆ ಎಲ್ಲೆಲ್ಲಿ ಸರಿ?”

ಬಾಯಿ ಮುಚ್ಚಿಕೊಂಡಿದ್ದರೆ ಇದ್ದಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಯಾರಾದರೂ ವ್ಯಾಕರಣ ಕೇಳಿದರೆ ನನಗೆ ಹೊತ್ತು ಗೊತ್ತು ಯಾವುದೂ ಕಾಣುವುದಿಲ್ಲ. ಕೈಲಿದ್ದ ಮಾವಿನಕಾಯಿಯನ್ನೇ ಸೀಮೆಸುಣ್ಣದ ಹಾಗೆ ಎತ್ತಿ ಹಿಡಿದು ಶುರುಮಾಡಿದೆ. “ಸಿಂಪ್ಲಿ ಬದುಕಿದ ಅಂದ್ರೆ ಸರಳವಾಗಿ ಬದುಕಿದ ಅಂತ. ಸೋಮಾರಿತನದಿಂದ ಸಿಂಪ್ಲಿ ಫೇಲಾದ ಅಂದ್ರೆ ಅದೊಂದೇ ಕಾರಣ, ಬೇರೆ ಇಲ್ಲ ಅಂತ. ಒತ್ತಿ ಹೇಳೋದಕ್ಕೂ ಬರುತ್ತೆ, ಸಿಂಪ್ಲಿ ಸುಳ್ಳು ಅಂದ್ರೆ ಶುದ್ಧ ಸುಳ್ಳು. ಕಾರಣ ಇಲ್ದೆ ಅನ್ನೋ ಅರ್ಥ ಮಾತ್ರ ಆ ಪದಕ್ಕಿಲ್ಲ.”

“ಆವತ್ತು ಲೈಬ್ರರಿಲೂ ಇದನ್ನೇ ಹೇಳಿದ್ರಿ,” ಎಂದಳು ಮೇಘನ. “ನಿಮ್ಮ ಟೇಬಲ್ ಹತ್ರ ಬಂದು ‘ಸಿಂಪ್ಲಿ ಬಂದೆ ಸಾರ್’ ಅಂದಿದ್ದೆ ನೋಡಿ, ಆವತ್ತು. ಬೆಲ್ ಹೊಡೆಯೋವರ್ಗೂ ಹೇಳಿದ್ರಿ.”

ಚೊಂಬನ್ನು ನನ್ನ ಮುಂದಿಟ್ಟು ಅವಳು ಬೇರೆ ಕಡೆ ನೋಡಿದಳು. ಆವತ್ತು ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ ಎನ್ನುವುದು ನನಗೆ ಈಗ ಹೊಳೆಯಿತು. ಪುಸ್ತಕಕ್ಕಲ್ಲದೆ ಲೈಬ್ರರಿಗೆ ಬಂದವಳನ್ನು ಎದುರಿಗೆ ಕೂರಿಸಿಕೊಂಡು ನಾನು ನಿಘಂಟು ತೆಗೆದಿದ್ದೆ. ಮೂವತ್ತೆಂಟಾದರೂ ಇವನಿಗೆ ಮದುವೆ ಯಾಕಾಗಿಲ್ಲ ಎಂದು ನಮ್ಮ ನೆಂಟರು ಜಾತಕದಲ್ಲಿ ದೋಷ ಹುಡುಕುತ್ತಿದ್ದಾರೆ. ಪಾಪ, ಗ್ರಹಗಳದೇನೂ ತಪ್ಪಿಲ್ಲ.

ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತರೆ ಕೈಗೊಂದು ಚೀಲ ಮಾವಿನಕಾಯಿ ಬಂದು, ಸಂಜೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವುದು ಖಂಡಿತ ಎನಿಸಿತು. ಎದ್ದು ನಿಂತೆ.

“ಕಾರಣ ಇದೆ,” ಎಂದೆ ಗಂಗುಲಪ್ಪನವರಿಗೆ. “ಕಾಯಿಗೆ ಬಂದಿದ್ದಲ್ಲ. ಮೇಘನ ಅವರನ್ನ... ಅಂದ್ರೆ ಮದುವೆ... ಅವರು ಒಪ್ಪಿದ್ರೆ. ನೀವೂ.”

ಹುಡುಗರು ಇಂಥ ವಾಕ್ಯ ಬರೆದಿದ್ದರೆ ಕೆಂಪು ಗೀಟು ಎಳೆದು ಸೊನ್ನೆ ಹಾಕುತ್ತಿದ್ದೆ. ಗಂಗುಲಪ್ಪನವರು ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕ್ರೇಟಿಗಿಟ್ಟರು. ಆಮೇಲೆ ಮಗಳ ಮುಖ ನೋಡಿದರು. ಅವಳು ತಟ್ಟನೆ ತಿರುಗಿ ಒಳಗೆ ಹೋದಳು.

“ಮೊದಲೇ ಹೇಳ್ಬಾರ್ದಾ ಸಾರ್,” ಎಂದರು ಗಂಗುಲಪ್ಪ, ಪಂಚೆಗೆ ಕೈ ಒರೆಸಿಕೊಳ್ಳುತ್ತ. “ಕಾಯಿ ಆರಿಸೋಕೆ ಕೂರಿಸ್ಬಿಟ್ನಲ್ಲ.”

ಒಳಗೆ ಏನನ್ನೋ ಎಳೆದ ಸದ್ದಾಯಿತು. ಮೇಘನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎತ್ತಿಕೊಂಡು ಬಂದಳು. ಒಂದನ್ನು ಸೆರಗಿನಿಂದ ಒರೆಸಿ ನನಗೆ ಹಾಕಿದಳು. ಇನ್ನೊಂದು ಅಪ್ಪನಿಗಿರಬಹುದು ಎಂದುಕೊಂಡೆ. ಅವಳು ಅದನ್ನು ನನ್ನ ಪಕ್ಕಕ್ಕೆ ಎಳೆದು, ತಾನೇ ಕೂತಳು.