ಹಲ್ಲಿಗೆ ಸಿಕ್ಕ ದಾರ

“ಅಪ್ಪಾ, ಚಾಲೂ ಮಾಡಬ್ಯಾಡ,” ಎಂದು ಪಂಚಶೀಲಾ ತಂದೆಯ ಕೈ ತಡೆದಳು. ಅಫಜಲಪುರದ ಅವರ ವೆಲ್ಡಿಂಗ್ ಅಂಗಡಿಗೆ ಕಬ್ಬಿಣ ಕೊಯ್ಯುವ ಬ್ಯಾಂಡ್‌ಸಾ ಹೊಸದಾಗಿ ಬಂದಿತ್ತು. ಐಟಿಐ ಓದಿದ ಅವಳೇ ಬ್ಲೇಡ್ ಬಿಗಿದು, ಪೈಪು ಅಲುಗದಂತೆ ಕಚ್ಚಿಸಿದ್ದಳು. ಈಗ ನೋಡಿದರೆ ಅಪ್ಪ ಜಗದೇವನ ಮಣಿಕಟ್ಟಿನಲ್ಲಿ ಬಿಳಿ ದಾರವೊಂದು ಜೋತಾಡುತ್ತಿತ್ತು. “ಅದು ಬ್ಲೇಡಿಗಿ ಸಿಕ್ಕರ ಕೈನೂ ಎಳಕೊಂಡು ಹೋಗ್ತದ. ತೆಗಿ.”

“ಮಷೀನಿಂದ ನನಗೇನೂ ಆಗಬಾರದಂತ ನಿನ್ನಿ ಬುದ್ಧ ವಿಹಾರದಾಗ ನಿಮ್ಮವ್ವನೇ ಕಟ್ಯಾಳ. ತೆಗದರ ಆಕಿ ಮನಸಿಗಿ ಹತ್ತತದ.”

ಪಂಚಶೀಲಾ ಸೊಂಟದ ಮೇಲೆ ಕೈಯಿಟ್ಟು, ಅವ್ವನನ್ನು ಅಣಕಿಸುತ್ತ ಮೂಗಿನಲ್ಲಿ ದನಿ ತೆಗೆದಳು. “ಏನ್ರಿ, ನನ್ನ ದಾರ ನಿಮಗ ಭಾರ ಆತೇನ್ರಿ?” ಜಗದೇವ ನಗದೆ ಬಾಗಿಲ ಕಡೆ ನೋಡಿದ. ಅಲ್ಲಿ ಬುತ್ತಿ ಹಿಡಿದು ನಿಂತಿದ್ದ ಅವ್ವ ಸಾಬವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನಾ ಹಂಗ ಮೂಗಿನಾಗ ಮಾತಾಡ್ತೇನೇನ್ ಬೇ?” ಎಂದು ಮಗಳನ್ನು ಕೇಳಿದಳು.

ಸಾಬವ್ವ ಬುತ್ತಿ ಇಳಿಸಿ ಬ್ಲೇಡಿನ ಹಲ್ಲುಗಳನ್ನು ನೋಡಿದಳು, ಗಂಡನ ಬೆರಳುಗಳನ್ನು ನೋಡಿದಳು. ಆಮೇಲೆ ಅವನ ಕೈಯನ್ನು ಬಾಯಿಗೆ ತಂದು, ತಾನು ಕಟ್ಟಿದ ದಾರವನ್ನು ತನ್ನ ಹಲ್ಲಿನಿಂದಲೇ ಕಡಿದು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಹೂಂ, ಈಗ ಚಾಲೂ ಮಾಡ್ರಿ,” ಎಂದಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.