ಪಂಪಿನ ಪಟ್ಟಿ

ಔಷಧಿ ತುಂಬಿದ ಪಂಪನ್ನು ನೀಲಾವತಿ ಬೆನ್ನಿಗೇರಿಸಿದಾಗ ಅದು ಸೊಂಟದವರೆಗೆ ಜಾರಿತು. ಪಟ್ಟಿ ಇನ್ನೂ ಗಂಡನ ಹೆಗಲಿನ ಅಳತೆಗೇ ಇತ್ತು. ಅವನನ್ನು ಮಣ್ಣು ಮಾಡಿದ್ದು ಮೊನ್ನೆ.

“ನೀವು ಬುಡಿ ಅತ್ಗೆ, ಸೂತ್ಕ. ತಿಥಿ ಮುಗುದ್ಮೇಲೆ ನಾನೇ ಹೊಡೀತೀನಿ,” ಎಂದ ಮೈದುನ ಸಿದ್ದರಾಜು.

“ಮಾವಿನ್ ಮೊಗ್ಗಿಗೆ ಜಿಗಿಹುಳ ಬಿದ್ದದೆ ಕಣಪ್ಪ. ತಿಥಿ ಗಂಟ ಕಾದ್ರೆ ಹೂ ಅರಳ್ಬುಡ್ತದೆ. ಜೇನು ಬರೋ ಹೊತ್ನಲ್ಲಿ ಔಷ್ದಿ ಹೊಡೀಬಾರ್ದು ಅಂತ ನಿಮ್ಮಣ್ಣನೇ ಯೋಳ್ತಿದ್ರು.” ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಪ್ರತಿ ವರ್ಷ ಹಿತ್ತಲ ಮಾವಿನ ಮರಗಳಲ್ಲಿ ಅರ್ಧಕ್ಕೆ ಗಂಡ, ಅರ್ಧಕ್ಕೆ ಅವಳು ಹೊಡೆಯುತ್ತಿದ್ದರು. ತನ್ನ ಸರದಿ ಮುಗಿದೊಡನೆ ಅವಳು ಪಟ್ಟಿಯನ್ನು ಅವನ ಅಳತೆಗೆ ಸಡಿಲಿಸಿಡುತ್ತಿದ್ದಳು.

ಇಂದು ಪಟ್ಟಿ ಬಿಗಿಮಾಡಿಕೊಂಡು ಎಲ್ಲ ಮರಗಳಿಗೂ ಅವಳೇ ಹೊಡೆದಳು. ಪಂಪು ತೊಳೆದ ಮೇಲೆ, ಸಡಿಲಿಸಲು ಹೋದ ಬೆರಳು ಪಟ್ಟಿಯ ಮೇಲೆ ಸುಮ್ಮನೆ ನಿಂತಿತು. ಪಂಪನ್ನು ಹಾಗೆಯೇ ಮೊಳೆಗೆ ನೇತುಹಾಕಿದಳು.